ಆ ಒಂದು ಟ್ಯೂಬು ಯಾರದು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಹಡಿಯ ಉದ್ದನೆಯ ಓಣಿಯಲ್ಲಿ ಕೊನೆಯ ಕೋಣೆಯ ದೀಪವೊಂದೇ ಉರಿಯುತ್ತಿದೆ. ಒಳಗೆ ಅಗಲ ಕೈಯ ಒಂದು ಕುರ್ಚಿ, ಅದರಲ್ಲಿ ಬಿಗಿದುಕೊಂಡು ಕೂತಿರುವ ಹಿರಿಯರೊಬ್ಬರು. ತೋಳು ಚಾಚಿ ಎಂದರೆ ಎರಡೂ ಕೈ ಎದೆಗೆ ಕಟ್ಟಿಕೊಂಡಿದ್ದಾರೆ. ಹಿಂದೆ ನಿಂತ ಮಗ ಮುಖ ಸಣ್ಣದು ಮಾಡಿಕೊಂಡಿದ್ದಾನೆ. ಸೊಸೆ ತಮ್ಮ ಕನ್ನಡಕ ಕದಿಯುತ್ತಾಳೆ, ಮಗ ತಮ್ಮ ಸಹಿ ಕದಿಯುತ್ತಾನೆ, ಈಗ ರಕ್ತ ಕದಿಯಲು ಇಲ್ಲಿಗೆ ಕರೆತಂದಿದ್ದಾನೆ ಎಂಬುದು ಹಿರಿಯರ ದೂರು.

"ಈ ರಕ್ತ ಎಲ್ಲಿಗೆ ಹೋಗುತ್ತೆ, ಅದನ್ನ ಮೊದಲು ಹೇಳಮ್ಮ," ಎನ್ನುತ್ತಾರೆ.

ಎದುರಿಗಿರುವ ಹೆಂಗಸಿಗೆ ಬೇಸರವಿಲ್ಲ. ಇಂಥ ಪ್ರಶ್ನೆ ಅವರಿಗೆ ಬೆಳಗಿನ ಕಾಫಿಯಷ್ಟೇ ರೂಢಿ. "ಕೇಳಿದ್ದು ಸರಿನೇ. ಪಕ್ಕದ ಕೋಣೆಗೆ ಹೋಗುತ್ತೆ. ಬಾಗಿಲು ತೆಗೆದೇ ಇಡ್ತೀನಿ, ಇಲ್ಲೇ ಕೂತು ಕಾವಲು ಕಾಯಿರಿ," ಎಂದು ಬಾಗಿಲ ಕಡೆಗೆ ಕೈ ತೋರಿಸುತ್ತಾರೆ. ಹಿರಿಯರು ಬಾಗಿಲು ಕಾಯುವುದರಲ್ಲಿ ಮಗ್ನರಾಗುತ್ತಾರೆ, ಕಟ್ಟಿದ ಕೈ ತಾನಾಗಿಯೇ ಸಡಿಲುತ್ತದೆ. ಇನ್ನೂ ಯಾಕೆ ಚುಚ್ಚಲಿಲ್ಲ ಎಂದು ಅವರು ತಿರುಗಿ ಕೇಳುವ ಹೊತ್ತಿಗೆ ಟ್ಯೂಬು ತುಂಬಿ, ಹತ್ತಿ ಒತ್ತಿ ಆಗಿರುತ್ತದೆ.

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಸೂಜಿಯಕ್ಕ ಎಂದೇ. ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ಬೇರೆಯವರ ರಕ್ತನಾಳ ಹುಡುಕುವುದೇ ಕೆಲಸ. ಕೊನೆಯ ಹನ್ನೆರಡು ವರ್ಷ ಮರೆವಿನ ಕಾಯಿಲೆಯ ಈ ವಿಭಾಗದಲ್ಲಿ. ದಿನಕ್ಕೆ ಮೂವತ್ತು ನಲವತ್ತು ತೋಳು. ಒಂದು ತೋಳಿಗೆ ಎರಡನೇ ಸಲ ಚುಚ್ಚಬೇಕಾಗಿ ಬಂದರೆ ಆ ದಿನ ಮನೆಯಲ್ಲಿ ಯಾರೂ ಅವರ ತಂಟೆಗೆ ಹೋಗುವುದಿಲ್ಲ. ವೈದ್ಯರ ಹೆಸರು ಬಾಗಿಲ ಮೇಲೆ ಇದೆ, ಯಂತ್ರದ ಹೆಸರು ಯಂತ್ರದ ಮೇಲೆ ಇದೆ, ಸೂಜಿಯಕ್ಕನ ಹೆಸರು ಎಲ್ಲೂ ಇಲ್ಲ.

ಇಲ್ಲಿಗೆ ಬರುವವರೆಲ್ಲ ಅನುಮಾನ ಹೊತ್ತುಕೊಂಡೇ ಬರುತ್ತಾರೆ. ಹೆಂಡತಿಗೆ ಗಂಡನ ಮೇಲೆ, ಮಗಳಿಗೆ ತಾಯಿಯ ಮೇಲೆ, ರೋಗಿಗೆ ಇಡೀ ಲೋಕದ ಮೇಲೆ. ಮೊದಲೆಲ್ಲ ಈ ಕಾಯಿಲೆಯನ್ನು ಬರೀ ಮಾತಿನಲ್ಲಿ ಹಿಡಿಯಬೇಕಿತ್ತು. ಇವತ್ತು ಯಾವ ವಾರ, ಗಡಿಯಾರದ ಚಿತ್ರ ಬರೆಯಿರಿ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಬುದ್ಧಿವಂತರು ಮಾತಿನಲ್ಲೇ ತೇಲಿಸಿ ಎದ್ದು ಹೋಗುತ್ತಿದ್ದರು, ಅಂಜುಬುರುಕರು ಕಾಯಿಲೆಯಿಲ್ಲದೆಯೂ ಸಿಕ್ಕಿಬೀಳುತ್ತಿದ್ದರು. ಆಮೇಲೆ ಬೆನ್ನುಹುರಿಯ ದ್ರವದ ಪರೀಕ್ಷೆ ಬಂತು. ಆಸ್ಪತ್ರೆಯವರ ಬಾಯಲ್ಲಿ ಅದು ಬೆನ್ನುನೀರು. ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಕಸ ಕಟ್ಟಿಕೊಳ್ಳುತ್ತದೆ. ಆ ಕಸಕ್ಕೆ ಸಿಕ್ಕಿಬಿದ್ದ ಒಂದು ಪ್ರೋಟೀನು ಬೆನ್ನುನೀರಿನಲ್ಲಿ ಕಡಿಮೆಯಾಗುತ್ತದೆ, ಟೌ ಎಂಬ ಇನ್ನೊಂದು ಏರುತ್ತದೆ. ಎರಡನ್ನೂ ಅಳೆದು ನೋಡಿದರೆ ಮಾತಿಗೆ ಸಿಗದ್ದು ಸಿಗುತ್ತದೆ.

ಬೆನ್ನುನೀರು ತೆಗೆಯುವುದು ವೈದ್ಯರ ಕೆಲಸ, ರೋಗಿಯನ್ನು ಹಿಡಿದಿಡುವುದು ಸೂಜಿಯಕ್ಕನ ಕೆಲಸ. ರೋಗಿ ಮಗ್ಗುಲಾಗಿ ಮಲಗಿ, ಮಂಡಿ ಹೊಟ್ಟೆಗೆ ತಂದು, ಗದ್ದ ಎದೆಗೆ ಒತ್ತಿ ಮುದುಡಿಕೊಳ್ಳಬೇಕು. ಸೊಂಟದ ಮೂಳೆಗಳ ನಡುವೆ ಸೂಜಿ ಇಳಿಯುವಾಗ ಮಿಸುಕಬಾರದು. ಆಗ ರೋಗಿಯ ಮುಖದ ಎದುರಿಗೆ ಮುಖವಿಟ್ಟು, ಒಂದು ಕೈ ಕುತ್ತಿಗೆಗೆ, ಇನ್ನೊಂದು ಮಂಡಿಯ ಹಿಂದೆ ಹಾಕಿ, ಬಾಯಿಗೆ ಬಂದದ್ದು ಮಾತಾಡುತ್ತಾ ಕೂರುವವರು ಇವರು. ಒಬ್ಬ ನಿವೃತ್ತ ನ್ಯಾಯಾಧೀಶರಿಗೆ ತಮ್ಮ ಗಂಡನ ಗೊರಕೆಯ ಮೇಲೆ ತೀರ್ಪು ಕೊಡಿ ಎಂದು ಕೇಳಿದ್ದರಂತೆ. ಅವರು ಮುದುಡಿಕೊಂಡೇ ವಾದಿ ಪ್ರತಿವಾದಿ ಇಬ್ಬರ ಪರವಾಗಿಯೂ ಸೂಜಿಯಕ್ಕನನ್ನೇ ವಿಚಾರಿಸಿ, ಬೇರೆ ಕೋಣೆಯಲ್ಲಿ ಮಲಗುವಂತೆ ಆದೇಶ ಮಾಡಿದರಂತೆ. ಗಂಡನಿಗೆ ಇವತ್ತಿಗೂ ಆ ಆದೇಶದ ಮೇಲೆ ಸಿಟ್ಟಿದೆ.

ಸೂಜಿಯಕ್ಕ ಈ ವಿಭಾಗವನ್ನೇ ಕೇಳಿಕೊಂಡು ಬಂದದ್ದಕ್ಕೆ ಕಾರಣವಿದೆ. ತಾಯಿಗೆ ಇದೇ ಕಾಯಿಲೆ ಇತ್ತು. ಮನೆಯಲ್ಲಿ ಎಲ್ಲರ ಬೀಗದ ಕೈಯೂ ಅವರ ಹತ್ತಿರವೇ, ಎಲ್ಲರ ಔಷಧಿಯೂ ಅವರ ಕೈಯಿಂದಲೇ. ಅಮ್ಮನ ಮಾತೆಂದರೆ ಮಾತು. ಹಾಗಾಗಿ ಅವರು ಹೇಳಿದ್ದನ್ನೇ ಹೇಳತೊಡಗಿದಾಗ ಮಕ್ಕಳು ನಕ್ಕರು, ವಯಸ್ಸಾಯಿತು ಬಿಡಿ ಎಂದರು. ತಂದೆಯ ರಕ್ತದೊತ್ತಡದ ಮಾತ್ರೆಯನ್ನು ಕೊಟ್ಟಿದ್ದು ಮರೆತು ಮತ್ತೆ ಕೊಡುತ್ತಿದ್ದರು ಎಂಬುದು ತಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಗೊತ್ತಾಯಿತು. ಆಮೇಲೆ ತಂದೆ ಏಳಲೇ ಇಲ್ಲ. ತಾನು ಏನು ಮಾಡಿದೆನೆಂದು ತಾಯಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅದೊಂದು ಪುಣ್ಯ ಎನ್ನುತ್ತಾರೆ ಮಗಳು.

ಇಷ್ಟು ಹಿನ್ನೆಲೆ ಗೊತ್ತಿದ್ದರೆ ಕಳೆದ ವರ್ಷ ನಡೆದದ್ದು ಅರ್ಥವಾಗುತ್ತದೆ. ಕಳೆದ ವರ್ಷ ಈ ವಿಭಾಗಕ್ಕೆ ಹೊಸ ರಕ್ತಪರೀಕ್ಷೆ ಬಂತು. ಬೆನ್ನಿಗೆ ಚುಚ್ಚುವುದು ಬೇಡ, ತೋಳಿನ ಒಂದು ಟ್ಯೂಬು ರಕ್ತದಲ್ಲೇ ಆ ಟೌ ಎಳೆಯಷ್ಟು ಸಿಗುತ್ತದೆ, ಅದನ್ನು ಅಳೆಯಬಹುದು. ರೋಗಿಗಳ ಮೇಲೆ ಬಳಸುವ ಮೊದಲು, ಆರೋಗ್ಯವಂತರಲ್ಲಿ ಈ ಸಂಖ್ಯೆ ಎಷ್ಟಿರುತ್ತದೆಂದು ನೋಡಬೇಕಿತ್ತು. ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಐವತ್ತು ದಾಟಿದ ಸಿಬ್ಬಂದಿಯನ್ನೇ ಕೇಳಿದರು. ಹೂಂ ಎಂದವರು ಹನ್ನೊಂದು ಮಂದಿ. ಲಿಫ್ಟಿನವರು, ಕ್ಯಾಂಟೀನಿನವರು, ವಾಚ್‌ಮನ್ನು, ಬಟ್ಟೆ ಒಗೆಯುವ ವಿಭಾಗದ ಇಬ್ಬರು ಅಕ್ಕತಂಗಿಯರು, ಹೀಗೆ. ಎಲ್ಲರ ರಕ್ತ ತೆಗೆದವರು ಸೂಜಿಯಕ್ಕ. ಹನ್ನೊಂದರಲ್ಲಿ ತಾವೂ ಒಬ್ಬರಾದ ಸೂಜಿಯಕ್ಕನ ರಕ್ತ ತೆಗೆದವನು, ಅದೇ ಹನ್ನೊಂದರಲ್ಲಿ ಇನ್ನೊಬ್ಬನಾದ ಗಿರಗಿಟ್ಲೆ.

ಗಿರಗಿಟ್ಲೆ ಎಂದರೆ ಪಕ್ಕದ ಕೋಣೆಯ ಟೆಕ್ನಿಷಿಯನ್ನು. ಟ್ಯೂಬುಗಳನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಕೆಂಪು ಕೆಳಗಿಳಿದು ಹಳದಿ ನೀರು ಮೇಲೆ ನಿಂತಾಗ ಅದನ್ನು ಬೇರೆ ಟ್ಯೂಬಿಗೆ ತುಂಬಿ ಫ್ರೀಜರಿಗೆ ಹಾಕುವುದು ಅವನ ಕೆಲಸ. ತೆಗೆದ ರಕ್ತವನ್ನು ಬೇಗ ತಿರುಗಿಸದೆ ಬಿಟ್ಟರೆ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ಸೂಜಿಯಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವನು. ಅವರನ್ನು ಅಕ್ಕಾ ಎನ್ನುತ್ತಾನೆ, ಅವರು ಅವನನ್ನು ಏನಪ್ಪಾ ಎನ್ನುತ್ತಾರೆ. ಇಬ್ಬರ ನಡುವೆ ಒಂದು ಬಾಗಿಲು, ಆ ಬಾಗಿಲಿನಲ್ಲಿ ಹನ್ನೆರಡು ವರ್ಷದ ಜಗಳ.

ಸಿಬ್ಬಂದಿಯ ಟ್ಯೂಬುಗಳಿಗೆ ಹೆಸರು ಹಾಕಲಿಲ್ಲ, ಅಂಕಿ ಮಾತ್ರ. ಯಾವ ಅಂಕಿ ಯಾರದೆಂದು ಯಾರಿಗೂ ತಿಳಿಯದಂತೆ ಚೀಟಿಗಳನ್ನು ಕಲಸಿ ಅಂಟಿಸಲಾಯಿತು. ಇಷ್ಟೆಲ್ಲ ಜಾಗ್ರತೆ ವಹಿಸಿದ ಡಾಕ್ಟರಮ್ಮ ತಾವೇ ಒಂದು ಬೆಳಿಗ್ಗೆ ಎಲ್ಲರ ಮುಂದೆ ಬಾಯಿ ಜಾರಿದರು. ನಮ್ಮವರ ರಕ್ತ ಎಲ್ಲ ಚೆನ್ನಾಗಿದೆ, ಒಂದೇ ಒಂದು ಟ್ಯೂಬಿನಲ್ಲಿ ಸಂಖ್ಯೆ ಜಾಸ್ತಿ ಇದೆ, ಅದನ್ನು ಲೆಕ್ಕದಿಂದ ಬಿಟ್ಟಿದ್ದೇವೆ ಎಂದರು. ಅವರ ಮಟ್ಟಿಗೆ ಅದು ಲೆಕ್ಕದ ಮಾತು. ಕೇಳಿದವರ ಮಟ್ಟಿಗೆ ಹನ್ನೊಂದರಲ್ಲಿ ಒಬ್ಬರ ಹಣೆಬರಹ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವತ್ತಿನಿಂದ ಆಸ್ಪತ್ರೆಯಲ್ಲಿ ಹನ್ನೊಂದು ಜನವೂ ಹೆಗಲು ಮುಟ್ಟಿಕೊಳ್ಳುವವರೇ. ಕ್ಯಾಂಟೀನಿನವರು ಕಾಫಿಗೆ ಸಕ್ಕರೆ ಮರೆತರೆ ನಾಲ್ಕು ಜನ ಪರಸ್ಪರ ಮುಖ ನೋಡುತ್ತಿದ್ದರು. ಲಿಫ್ಟಿನವರು ಮೂರನೇ ಮಹಡಿಗೆ ಬದಲು ನಾಲ್ಕಕ್ಕೆ ಒಯ್ದರೆ ಒಳಗಿದ್ದವರು ಲೆಕ್ಕ ಇಟ್ಟುಕೊಳ್ಳುತ್ತಿದ್ದರು. ಬಟ್ಟೆ ಒಗೆಯುವ ಅಕ್ಕ, ತಂಗಿಯದಿರಬೇಕು ಎಂದಳು, ತಂಗಿ, ಅಕ್ಕನದಿರಬೇಕು ಎಂದಳು, ಇಬ್ಬರೂ ಮಾತು ಬಿಟ್ಟರು. ಬಾಯಿಗೆ ಬೀಗ ಹಾಕಬೇಕಿದ್ದವರು ಹಾಕದಿದ್ದರೆ ಹೀಗೇ ಆಗುವುದು.

ಸೂಜಿಯಕ್ಕ ಮಾತ್ರ ಯಾರನ್ನೂ ಅನುಮಾನಿಸಲಿಲ್ಲ. ಆ ಟ್ಯೂಬು ತನ್ನದೇ ಎಂದು ಅವರಿಗೆ ಖಾತ್ರಿಯಾಗಿತ್ತು. "ಅಮ್ಮನ ಮೂಗು ನನಗೆ ಬಂದಿದೆ, ಅಮ್ಮನ ಸಿಟ್ಟು ಬಂದಿದೆ. ಇದೊಂದು ಯಾಕೆ ಬಿಡುತ್ತೆ?" ಎನ್ನುತ್ತಾರೆ ಈಗ. ಆಗ ಹಾಗೆ ಹೇಳಲು ಬಾಯಿ ಬಂದಿರಲಿಲ್ಲ. ರೋಗಿಗಳಿಗೆ ಕೇಳುವ ಪ್ರಶ್ನೆಗಳನ್ನೇ ಅಡುಗೆಮನೆಯಲ್ಲಿ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು. ಪಾತ್ರೆ ತೊಳೆಯುತ್ತಾ ನೂರರಿಂದ ಏಳೇಳು ಕಳೆಯುತ್ತಿದ್ದರು. ತಪ್ಪಿದರೆ ಮತ್ತೆ ನೂರರಿಂದ ಶುರು, ಸರಿಯಾದರೆ ಬಾಯಿಪಾಠವಾಗಿದೆ ಅಷ್ಟೆ ಎಂದು ಅದನ್ನೂ ನಂಬುತ್ತಿರಲಿಲ್ಲ. ಗಂಡ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವವರು, ನೇರ ಮಾತಿನವರು. ಹೆಂಡತಿಯ ಗೊಣಗಾಟ ಕೇಳಿ ಕೇಳಿ ಒಂದು ದಿನ, ಮದುವೆಯ ದಿನ ನಮ್ಮಣ್ಣ ನಿನ್ನ ಬಟ್ಟೆಯ ಮೇಲೆ ಕಾಫಿ ಚೆಲ್ಲಿದ್ದನ್ನು ಇನ್ನೂ ಎತ್ತಿ ಆಡುತ್ತೀಯ, ನಿನಗೆಲ್ಲಿಯ ಮರೆವು, ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ ಎಂದರು. ಸೂಜಿಯಕ್ಕ ನಗಲಿಲ್ಲ. ತಾಯಿಗೂ ಹಳೆಯದೆಲ್ಲ ನೆನಪಿತ್ತು.

ಭಯ ತಮ್ಮ ಬಗ್ಗೆ ಮಾತ್ರವಲ್ಲ. ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸುವವರೂ ಅವರೇ. ಒಬ್ಬರ ಚೀಟಿ ಇನ್ನೊಬ್ಬರ ಟ್ಯೂಬಿಗೆ ಹೋದರೆ, ಸುಮ್ಮನೆ ಕನ್ನಡಕ ಕಳೆದುಕೊಳ್ಳುವ ಅಜ್ಜಿಗೆ ಅಲ್ಜೈಮರ್ ಪಟ್ಟ ಸಿಗುತ್ತದೆ, ನಿಜವಾಗಿ ಕಾಯಿಲೆ ಇರುವಾತ ಎಲ್ಲ ಸರಿಯಿದೆ ಎಂದುಕೊಂಡು ಕಾರು ಓಡಿಸುತ್ತಾ ಮನೆಗೆ ಹೋಗುತ್ತಾನೆ. ಹಾಗಾಗಿ ಅವರು ಮೈಯೆಲ್ಲ ಕಣ್ಣಾದರು. ಪ್ರತಿ ಚೀಟಿಯನ್ನೂ ಎರಡು ಸಲ, ಮೂರು ಸಲ ಓದತೊಡಗಿದರು.

ಹಾಗೆ ಕಣ್ಣು ಚೂಪಾದಾಗಲೇ ಗಿರಗಿಟ್ಲೆ ಕಂಡದ್ದು. ಅವನು ಮೊದಲಿನ ಹಾಗಿಲ್ಲ. ಯಂತ್ರದ ಮುಂದೆ ಕೂತವನು ಕೂತಲ್ಲೇ ಎಲ್ಲೋ ನೋಡುತ್ತಿರುತ್ತಾನೆ. ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾನೆ. ಗಳಿಗೆಗೊಂದು ಸಲ ಎದ್ದು ಹೊರಗೆ ಹೋಗುತ್ತಾನೆ, ಬಂದು ಎಲ್ಲಿ ನಿಲ್ಲಿಸಿದ್ದೆ ಎಂದು ತಡಕಾಡುತ್ತಾನೆ. ಸೂಜಿಯಕ್ಕನಿಗೆ ಮೊದಲು ಬಂದದ್ದು ನೆಮ್ಮದಿ: ಹಾಗಾದರೆ ಟ್ಯೂಬು ನನ್ನದಲ್ಲ. ಆ ನೆಮ್ಮದಿಯ ಹಿಂದೆಯೇ ನಾಚಿಕೆಯೂ ಬಂತು, ಅದನ್ನು ಅವರು ಮುಚ್ಚಿಡುವುದಿಲ್ಲ. "ಅವನಿಗೆ ಬಂದಿದೆ ಅಂದ್ಕೊಂಡು ನನಗೆ ಹಗುರ ಆಯ್ತಲ್ಲ, ನಾನೆಂಥವಳು ಅಂತ ಅನ್ನಿಸ್ತು."

ಇನ್ನು ನೀರಿನ ಟ್ಯೂಬಿನ ಸಂಗತಿ. ತಿರುಗುವ ಯಂತ್ರಕ್ಕೆ ತೂಕ ಸಮ ಇರಬೇಕು. ಒಂದು ಟ್ಯೂಬು ಇಟ್ಟರೆ ಎದುರಿಗೆ ಅಷ್ಟೇ ತೂಕದ ಇನ್ನೊಂದು ಇಡಬೇಕು, ಇಲ್ಲದಿದ್ದರೆ ಯಂತ್ರ ಮೇಜು ಬಿಟ್ಟು ಕುಣಿಯುತ್ತದೆ. ಟ್ಯೂಬುಗಳು ಬೆಸ ಸಂಖ್ಯೆಯಲ್ಲಿದ್ದಾಗ ಎದುರಿಗೆ ಬರೀ ನೀರು ತುಂಬಿದ ಟ್ಯೂಬು ಇಡುತ್ತಾರೆ. ಅದಕ್ಕೆ ಯಂತ್ರದ ಹೊರಗೆ ಯಾವ ಕೆಲಸವೂ ಇಲ್ಲ. ಒಂದು ಬೆಳಿಗ್ಗೆ ಮೇಲಿನ ಪ್ರಯೋಗಾಲಯಕ್ಕೆ ಕಳಿಸಲು ಫ್ರೀಜರಿನ ಡಬ್ಬಿ ತೆಗೆದ ಸೂಜಿಯಕ್ಕನಿಗೆ, ಹಳದಿಯಾಗಿ ಹೆಪ್ಪುಗಟ್ಟಿದ ಟ್ಯೂಬುಗಳ ಸಾಲಿನ ಕೊನೆಯಲ್ಲಿ ಒಂದು ಬೆಳ್ಳಗಿನದು ಕಂಡಿತು. ನೀರು. ಅದರ ಮೇಲೊಂದು ಚೀಟಿ ಬೇರೆ, ಆ ದಿನದ ಪಟ್ಟಿಯಲ್ಲಿ ಇಲ್ಲದ ಹಳೆಯದು. ರಕ್ತದ ಜಾಗದಲ್ಲಿ ನೀರನ್ನು ಇಟ್ಟು ಮರೆತಿದ್ದಾನೆ ಎಂದರೆ ಇನ್ನೇನು ಉಳಿಯಿತು?

ಅವರ ಸ್ವಭಾವಕ್ಕೆ ಆಗಲೇ ಕೂಗಾಡಬೇಕಿತ್ತು. ಕೂಗಾಡಲಿಲ್ಲ. ಸುತ್ತ ನೋಡಿ, ಟ್ಯೂಬನ್ನು ಬಿಸಿನೀರಿನಲ್ಲಿ ಹಿಡಿದು ಕರಗಿಸಿ, ಸಿಂಕಿಗೆ ಸುರಿದು, ಖಾಲಿ ಟ್ಯೂಬನ್ನು ಕಸದ ಡಬ್ಬಿಯ ತಳಕ್ಕೆ ತಳ್ಳಿದರು. ಡಾಕ್ಟರಮ್ಮನ ಬಾಗಿಲವರೆಗೆ ಹೋಗಿ ವಾಪಸ್ಸು ಬಂದರು. ಒಂದು ಮಾತು ಆಡಿದರೆ ಅವನ ಕೆಲಸ ಹೋಗುತ್ತದೆ, ಆಡದಿದ್ದರೆ ಯಾರೋ ರೋಗಿಯ ಬಾಳು ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ಅವರು ಕಂಡುಕೊಂಡ ದಾರಿ ಎಂದರೆ ಅವನಿಗಿಂತ ಮೊದಲು ಬರುವುದು, ಅವನು ಮಾಡಿದ್ದನ್ನೆಲ್ಲ ಅವನು ಹೊರಗೆ ಹೋದಾಗ ಮತ್ತೆ ನೋಡುವುದು.

ವಿಚಿತ್ರವೆಂದರೆ ಅವನೂ ಬೇಗ ಬರತೊಡಗಿದ. ಆರಕ್ಕೆ ಬರುತ್ತಿದ್ದವರು ಇಬ್ಬರೂ ಐದೂವರೆಗೆ, ಆಮೇಲೆ ಐದೂಕಾಲಿಗೆ. ಇವರು ಯಂತ್ರದ ಹತ್ತಿರ ಸುಳಿದರೆ ಅವನು ಚೀಟಿಗಳ ಹತ್ತಿರ ಸುಳಿಯುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ಬರೀ ಕಳ್ಳನೋಟ. ಗೇಟಿನ ವಾಚ್‌ಮನ್ನಿಗೆ ಬೇರೆಯದೇ ಅನುಮಾನ ಹುಟ್ಟಿತು. ಈ ವಯಸ್ಸಿನಲ್ಲಿ ಇವರಿಬ್ಬರೂ ಯಾರೂ ಇಲ್ಲದ ಹೊತ್ತಿಗೆ ಬಂದು ಸೇರುವುದೇನು ಎಂದು ಕ್ಯಾಂಟೀನಿನಲ್ಲಿ ಹೇಳಿದ. ಕ್ಯಾಂಟೀನಿನಿಂದ ಅದು ಗಂಡನ ಕಿವಿಗೆ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ಅವರು ರಾತ್ರಿ ಊಟಕ್ಕೆ ಕೂತವರು, ಅವನೂ ಗೊರಕೆ ಹೊಡೆಯುತ್ತಾನಾ ಎಂದು ಮಾತ್ರ ಕೇಳಿದರಂತೆ.

ಅದು ಸೂಜಿಯಕ್ಕನಿಗೆ ತಡೆಯಲಾಗಲಿಲ್ಲ. ಮಾನ ಹೋಗುವುದಾದರೆ ನಿಜಕ್ಕಾಗಿಯಾದರೂ ಹೋಗಲಿ ಎಂದುಕೊಂಡು ಮರುದಿನ ಬೆಳಿಗ್ಗೆ ನಡುವಿನ ಬಾಗಿಲಿನಲ್ಲಿ ಅಡ್ಡ ನಿಂತರು. ಗಿರಗಿಟ್ಲೆ ಆಗಷ್ಟೇ ಕೋಟು ಹಾಕಿಕೊಳ್ಳುತ್ತಿದ್ದ.

"ಫ್ರೀಜರಲ್ಲಿ ನೀರಿನ ಟ್ಯೂಬು ಇಟ್ಟಿದ್ದೆಯಲ್ಲಪ್ಪ, ನಿನಗೆ ನೆನಪಿದೆಯಾ?"

ಅವನು ಕೋಟಿನ ಒಂದು ತೋಳಿಗೆ ಕೈ ಹಾಕಿ ಹಾಗೇ ನಿಂತ. "ನೆನಪಿಲ್ದೆ ಏನಕ್ಕಾ. ಬೇಕು ಅಂತಾನೇ ಇಟ್ಟಿದ್ದು. ನೀವು ನೋಡ್ತೀರೋ ಇಲ್ವೋ ಅಂತ."

 ಅವನೇ ಬಿಡಿಸಿ ಹೇಳಿದ. ಸಂಖ್ಯೆ ಜಾಸ್ತಿ ಬಂದ ಆ ಟ್ಯೂಬು ಅಕ್ಕನದು ಎಂದು ಅವನಿಗೂ ಖಾತ್ರಿಯಾಗಿತ್ತು. ತಾಯಿಯ ವಿಷಯ ಅವನಿಗೆ ಗೊತ್ತು. ಅಕ್ಕ ಚೀಟಿಗಳನ್ನು ಮೂರು ಮೂರು ಸಲ ಓದುವುದು, ಕೆಲಸದ ನಡುವೆಯೂ ತಮಗೆ ತಾವೇ ಏಳೇಳು ಕಳೆಯುವುದು ಅವನ ಕಣ್ಣಿಗೂ ಬಿದ್ದಿತ್ತು. ಅದಕ್ಕೇ ಯಾವ ರೋಗಿಯದೂ ಅಲ್ಲದ ಹಳೆಯ ಚೀಟಿ ಅಂಟಿಸಿ ನೀರಿನ ಟ್ಯೂಬು ಇಟ್ಟಿದ್ದ. ಅಕ್ಕ ಗಮನಿಸದಿದ್ದರೆ ಮೇಲೆ ಹೋಗುವ ಮುಂಚೆ ತಾನೇ ತೆಗೆಯುವವನಿದ್ದ. ಬಂದು ನೋಡಿದರೆ ಟ್ಯೂಬೇ ಇಲ್ಲ, ಅಕ್ಕನ ಬಾಯಲ್ಲಿ ಒಂದು ಮಾತೂ ಇಲ್ಲ. ಚೀಟಿ ಸೊಟ್ಟಗೆ ಅಂಟಿದ್ದಕ್ಕೇ ಆಸ್ಪತ್ರೆ ಎಬ್ಬಿಸುವ ಅಕ್ಕ ಇದಕ್ಕೆ ಸುಮ್ಮನಿದ್ದಾರೆ ಎಂದರೆ ಕೆಲಸ ಕೆಟ್ಟಿದೆ ಎಂದೇ ಅವನ ಲೆಕ್ಕ. ಅಂದಿನಿಂದ ಅವರ ಚೀಟಿಗಳನ್ನೆಲ್ಲ ಅವನು ಕದ್ದು ಓದುತ್ತಿದ್ದ.

"ನಿನ್ನ ಕೆಲಸ ಹೋಗಬಾರದು ಅಂತ ಸುಮ್ಮನಿದ್ನಪ್ಪ ನಾನು," ಎಂದರು ಸೂಜಿಯಕ್ಕ.

"ನಿಮ್ಮದು ಹೋಗಬಾರದು ಅಂತ ನಾನು," ಎಂದ ಅವನು.

ನಕ್ಕರೋ ಅತ್ತರೋ ಎಂದು ಕೇಳಿದರೆ ಇಬ್ಬರೂ ಎರಡನ್ನೂ ಒಪ್ಪುವುದಿಲ್ಲ. ಸೂಜಿಯಕ್ಕ ಅವನನ್ನು ಚೆನ್ನಾಗಿ ಬೈದದ್ದಂತೂ ನಿಜ. ರೋಗಿಗಳ ಡಬ್ಬಿಯಲ್ಲಿ ಆಟ ಆಡುತ್ತಾರೇನು ಎಂದು ಬೈದು, ಅವನ ಕೈ ಹಿಡಿದುಕೊಂಡೇ ಡಾಕ್ಟರಮ್ಮನ ಕೋಣೆಗೆ ನಡೆದರು. ನಮ್ಮಿಬ್ಬರದೂ ಇನ್ನೊಂದು ಸಲ ಪರೀಕ್ಷೆ ಮಾಡಿ, ಹೆಸರು ಹಾಕಿಯೇ ಮಾಡಿ ಎಂದು ಕೇಳಿದರು.

ಡಾಕ್ಟರಮ್ಮ ಮೊದಲು ನೀರಿನ ಟ್ಯೂಬಿಗಾಗಿ ಗಿರಗಿಟ್ಲೆಗೆ ಲಿಖಿತ ಎಚ್ಚರಿಕೆ ಕೊಟ್ಟರು. ಆಮೇಲೆ ತಮ್ಮ ಬಾಯಿ ಜಾರಿದ್ದಕ್ಕೆ ಇಬ್ಬರ ಮುಂದೆಯೂ ಕ್ಷಮೆ ಕೇಳಿದರು. ಪರೀಕ್ಷೆ ಮಾತ್ರ ಮಾಡುವುದಿಲ್ಲ ಎಂದರು. ಮರೆವಿನ ಲಕ್ಷಣ ಇಲ್ಲದವರಿಗೆ ಹೆಸರು ಹಾಕಿ ಈ ಪರೀಕ್ಷೆ ಮಾಡುವುದಿಲ್ಲ. ಸಂಖ್ಯೆ ಒಂದೇ ಕಾಯಿಲೆಯಲ್ಲ, ಅದು ಲಕ್ಷಣಗಳ ಪಕ್ಕದಲ್ಲಿ ನಿಂತು ಸಾಕ್ಷಿ ಹೇಳಬೇಕು ಅಷ್ಟೆ. ಮಾತಾಡುತ್ತಾ ಅವರ ಕಣ್ಣು ಗಿರಗಿಟ್ಲೆಯ ಕಾಲಿಗೆ ಹೋಯಿತು. ಚಪ್ಪಲಿಯ ಪಟ್ಟಿ ಪಾದದೊಳಗೆ ಹುಗಿದುಕೊಂಡಿತ್ತು. ರೆಪ್ಪೆಗಳು ಊದಿಕೊಂಡಿದ್ದವು. ಎಷ್ಟು ದಿನದಿಂದ ಹೀಗಿದೆ, ರಾತ್ರಿ ಎಷ್ಟು ಸಲ ಏಳುತ್ತೀರಿ, ಸುಸ್ತು ಇದೆಯಾ ಎಂದು ಕೇಳಿ, ಆ ಕ್ಷಣವೇ ಬೇರೆ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಆ ರಕ್ತ ತೆಗೆದವರೂ ಸೂಜಿಯಕ್ಕನೇ. ಆ ಚೀಟಿಯನ್ನು ನಾಲ್ಕು ಸಲ ಓದಿದೆ ಎನ್ನುತ್ತಾರೆ.

ಮಿದುಳಲ್ಲ, ಕಿಡ್ನಿ. ಎರಡೂ ಅರ್ಧಕ್ಕಿಂತ ಹೆಚ್ಚು ಸೋತಿದ್ದವು. ಎಲ್ಲೋ ನೋಡುತ್ತಾ ಕೂರುವುದು, ಗಳಿಗೆಗೊಮ್ಮೆ ಏಳುವುದು, ಮಂಕು, ಎಲ್ಲಕ್ಕೂ ಅದೇ ಮೂಲ. ಕಿಡ್ನಿ ಸೋತವರಲ್ಲಿ, ಮಿದುಳು ಚೆನ್ನಾಗಿದ್ದರೂ, ರಕ್ತದಲ್ಲಿ ಈ ಟೌ ಸಂಖ್ಯೆ ಏರುವುದುಂಟು ಎಂದು ಡಾಕ್ಟರಮ್ಮ ವಿವರಿಸಿದರು. ಹಾಗಾದರೆ ಆ ಟ್ಯೂಬು ಇವನದೇ ತಾನೇ ಎಂದು ಸೂಜಿಯಕ್ಕ ಕೇಳಿದರು. ಇರಬಹುದು ಎಂದರು ಡಾಕ್ಟರಮ್ಮ. ಖಂಡಿತ ತಾನೇ ಎಂದು ಮತ್ತೆ ಕೇಳಿದರು. ಚೀಟಿ ಕಲಸಿಯಾಗಿದೆ, ಟ್ಯೂಬು ಎಸೆದಾಗಿದೆ, ಇರಬಹುದು ಎಂಬುದಕ್ಕಿಂತ ಮುಂದೆ ಒಂದು ಹೆಜ್ಜೆಯೂ ಇಡಲಾರೆ ಎಂದರು.

ಆ 'ಇರಬಹುದು' ಆಸ್ಪತ್ರೆಗೆ ಸಾಕಾಯಿತು. ಅಕ್ಕತಂಗಿಯರು ಮತ್ತೆ ಮಾತಾಡಿದರು, ಕ್ಯಾಂಟೀನಿನವರು ಧೈರ್ಯವಾಗಿ ಸಕ್ಕರೆ ಮರೆಯತೊಡಗಿದರು. ವಾಚ್‌ಮನ್ನು ಸೂಜಿಯಕ್ಕನನ್ನು ಕಂಡರೆ ಈಗಲೂ ನೆಲ ನೋಡುತ್ತಾನೆ. ಸೂಜಿಯಕ್ಕನಿಗೆ ಮಾತ್ರ ಆ 'ಇರಬಹುದು' ಸಾಕಾಗಿಲ್ಲ. ಅದು ಅವನದಲ್ಲದಿದ್ದರೆ ಹತ್ತರಲ್ಲಿ ಒಬ್ಬರದು, ಆ ಹತ್ತರಲ್ಲಿ ತಾವಿದ್ದಾರೆ. ಅನುಮಾನಂ ಪೆದ್ದರೋಗಂ ಎನ್ನುತ್ತಾರಲ್ಲ, ಅದಕ್ಕೆ ಇನ್ನೂ ಯಾರೂ ರಕ್ತಪರೀಕ್ಷೆ ಕಂಡುಹಿಡಿದಿಲ್ಲ.

ಗಿರಗಿಟ್ಲೆ ಈಗ ದೀರ್ಘ ರಜೆಯಲ್ಲಿದ್ದಾನೆ. ಔಷಧಿ, ಪಥ್ಯ, ವಾರಕ್ಕೊಮ್ಮೆ ತಪಾಸಣೆ. ಕಾಯಿಲೆ ಬೇಗ ಸಿಕ್ಕಿದ್ದರಿಂದ ಡಯಾಲಿಸಿಸ್ ಯಂತ್ರಕ್ಕೆ ಹಾಕುವ ದಿನ ದೂರವಿದೆ, ಬಾರದೆಯೂ ಇರಬಹುದು ಎಂದಿದ್ದಾರೆ. ಸೂಜಿಯಕ್ಕ ಸಂಜೆ ಅವನ ಮನೆಗೆ ಹೋಗಿ ಕಾಲಿನ ಊತ ಒತ್ತಿ ನೋಡಿ ಬರುತ್ತಾರೆ. ಅವನ ಹೆಂಡತಿಗೆ ಇವರೆಂದರೆ ಹೆದರಿಕೆ. ಉಪ್ಪಿನ ಡಬ್ಬಿಯನ್ನು ಇವರು ಬರುವ ಮುಂಚೆಯೇ ಅಡಗಿಸುತ್ತಾರಂತೆ. ಅವನು ವಾಪಸ್ಸು ಬರುತ್ತಾನೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಅವನ ಜಾಗಕ್ಕೆ ಬೇರೆ ವಿಭಾಗದಿಂದ ವರ್ಗವಾಗಿ ಟೆಕ್ನಿಷಿಯನ್ ಹೆಂಗಸೊಬ್ಬರು ಬಂದಿದ್ದಾರೆ. ಕೆಲಸ ಅಚ್ಚುಕಟ್ಟು, ಮಾತು ಮೃದು. ಸೂಜಿಯಕ್ಕ ಟ್ಯೂಬು ಕೊಟ್ಟರೆ ಎರಡೂ ಕೈಯಿಂದ ತೆಗೆದುಕೊಳ್ಳುತ್ತಾರೆ. ಚೀಟಿ ಓದುವುದಿಲ್ಲ. ಮೊನ್ನೆ ಓದಿ ನೋಡಿ ಎಂದಿದ್ದಕ್ಕೆ, ನೀವು ಅಂಟಿಸಿದ ಮೇಲೆ ಓದುವುದೇನಿದೆ ಮೇಡಂ, ನಿಮ್ಮ ಅನುಭವದ ಮುಂದೆ ನಾವೆಲ್ಲಿ ಎಂದರು. ಸೂಜಿಯಕ್ಕ ಅವತ್ತು ಅವರನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಚೀಟಿಗಳನ್ನೂ ಗಟ್ಟಿಯಾಗಿ ಓದಿಸಿದರು. ಪಾಪ, ಏನು ತಪ್ಪು ಮಾಡಿದೆನೋ ಎಂದು ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು.

ಬೆಳಗಿನ ಸರದಿ ಮುಗಿಯುತ್ತಿದೆ. ಬಾಗಿಲು ಕಾಯುತ್ತಿದ್ದ ಹಿರಿಯರನ್ನು ಮಗ ಕರೆದುಕೊಂಡು ಹೊರಟಿದ್ದಾನೆ. ಹೋಗುವಾಗ ಅವರು ಸೂಜಿಯಕ್ಕನ ಕಡೆಗೆ ಬೆರಳು ತೋರಿಸಿ, ಈಕೆಯ ಮೇಲೆ ಒಂದು ಕಣ್ಣಿಟ್ಟಿರು ಎಂದು ಮಗನಿಗೆ ಹೇಳುತ್ತಾರೆ. ಮಗ ಕೈ ಮುಗಿದು, ತಪ್ಪು ತಿಳಿಯಬೇಡಿ ಎನ್ನುತ್ತಾನೆ. ಸೂಜಿಯಕ್ಕ ಕೈಗವಸು ಕಳಚಿ ಕೈ ತೊಳೆಯುತ್ತಾರೆ. ನಿವೃತ್ತಿಗೆ ಮುಂಚೆ ಆಸ್ಪತ್ರೆಯಿಂದ ಏನಾದರೂ ಬೇಕೆಂಬ ಆಸೆ ಇದೆಯೇ ಎಂದರೆ ಒದ್ದೆ ಬೆರಳು ಮಡಿಸಿ ಎಣಿಸುತ್ತಾರೆ. ಸನ್ಮಾನ ಬೇಡ, ಹಾರ ಬೇಡ, ಫೋಟೋ ಅಂತೂ ಬೇಡವೇ ಬೇಡ.

"ಗಿರಗಿಟ್ಲೆ ವಾಸಿಯಾಗಿ ಬರಲಿ," ಎನ್ನುತ್ತಾರೆ. "ಇಲ್ಲಿ ನನ್ನ ನಂಬೋರು ತುಂಬಾ ಜನ ಇದಾರೆ. ನನಗೆ ಭಯ ಇರೋದೇ ಅದಕ್ಕೆ. ಅವನು ಬರಲಿ, ಬಂದು ನನ್ನ ಚೀಟಿ ಕದ್ದು ಓದಲಿ. ಒಂದಿನ ನಾನು ತಪ್ಪಿದ್ರೆ ಅವನೇ ನನ್ನ ಕೈಯಿಂದ ಸೂಜಿ ಕಿತ್ಕೊಳ್ಳಲಿ. ಬೇರೆ ಯಾರಿಗೂ ಮನಸ್ಸು ಬರಲ್ಲ."